ಸಾಕುನಾಯಿಯ ತೂಕ: ಪಕ್ಕೆಲುಬು ಕೈಗೆ ಸಿಗುತ್ತಿದೆಯೇ?

ಕೊಲ್ಹಾಪುರದ ರಂಕಾಳಾ ಕೆರೆಯ ದಂಡೆಗೆ ಬೆಳಿಗ್ಗೆ ಆರರ ಹೊತ್ತಿಗೆ ಹೋದರೆ ವಾಯುವಿಹಾರಕ್ಕೆ ಬಂದ ಜನರ ಜತೆ ನಾಯಿಗಳೂ ಕಾಣುತ್ತವೆ. ಬೆನ್ನು ಮಂಚದಂತೆ ಅಗಲವಾದ ಲ್ಯಾಬ್ರಡಾರ್ ನಾಯಿಯೊಂದು ಐವತ್ತು ಹೆಜ್ಜೆಗೊಮ್ಮೆ ಕುಳಿತು ತೇಕುತ್ತಿದ್ದರೆ ನೋಡಿದವರು, 'ಎಷ್ಟು ಚೆನ್ನಾಗಿ ಸಾಕಿದ್ದಾರೆ ನೋಡಿ' ಎನ್ನುತ್ತಾರೆ. ಅದೇ ದಾರಿಯಲ್ಲಿ ಸೊಂಟ ಒಳಸೇರಿದ, ಪಕ್ಕೆಲುಬಿನ ಗೆರೆ ಕಾಣುವ ಕಾರವಾನಿ ನಾಯಿ ಬಂದರೆ, 'ಪಾಪ, ಇದಕ್ಕೆ ಊಟ ಹಾಕುವುದಿಲ್ಲವೇನೋ' ಎಂಬ ಮಾತು ಬರುತ್ತದೆ. ಪಶುವೈದ್ಯರನ್ನು ಕೇಳಿದರೆ ಈ ಎರಡು ಮಾತನ್ನೂ ಅದಲುಬದಲು ಮಾಡಬೇಕು ಎಂದಾರು. ಮೊದಲನೆಯದಕ್ಕೆ ಚಿಕಿತ್ಸೆ ಬೇಕು, ಎರಡನೆಯದು ಇರಬೇಕಾದಂತೆಯೇ ಇದೆ.

ಈ ತಪ್ಪು ಎಣಿಕೆಗೆ ಊರಿನ ಗುಣವೂ ಒಂದಿಷ್ಟು ಕಾರಣ. ಕೊಲ್ಹಾಪುರ ಕುಸ್ತಿಯ ಊರು. ಶಾಹೂ ಮಹಾರಾಜರು ಕಟ್ಟಿಸಿದ ಖಾಸಬಾಗ ಮೈದಾನ ಇರುವ ಊರು. ಗಂಗಾವೇಶದ ಹಾಲಿನ ಕಟ್ಟೆಯಲ್ಲಿ ಎಮ್ಮೆಯನ್ನು ಎದುರಿಗೇ ಕರೆದು, ನೊರೆಹಾಲನ್ನು ನಿಂತಲ್ಲೇ ಕುಡಿಯುವ ರೂಢಿಯೂ ಇಲ್ಲಿಯದೇ. ಮೈ ತುಂಬಿಕೊಂಡಿರುವುದೇ ಆರೋಗ್ಯ ಎಂಬ ಭಾವನೆ ಇಲ್ಲಿ ಆಳವಾಗಿದೆ. ಆದರೆ ಪೈಲವಾನ ಆ ಹಾಲು, ಬಾದಾಮಿಯ ಜತೆಗೆ ದಿನಕ್ಕೆ ಸಾವಿರಗಟ್ಟಲೆ ದಂಡ, ಬೈಠಕ್ ಹೊಡೆಯುತ್ತಾನೆ. ಫ್ಲ್ಯಾಟಿನ ಗ್ಯಾಲರಿಯಲ್ಲಿ ಮಲಗಿರುವ ನಾಯಿಗೆ ಹಾಲು ಮಾತ್ರ ಸಿಗುತ್ತದೆ, ದಂಡ ಇಲ್ಲ.

ನಮ್ಮ ಕಡೆಯ ನಾಯಿಯೇ ತೆಳ್ಳಗಿನದು

ತೆಳ್ಳಗಿನ ನಾಯಿ ಎಂದರೆ ಏನೆಂದು ತಿಳಿಯಲು ಪರದೇಶಕ್ಕೆ ಹೋಗಬೇಕಿಲ್ಲ. ಮಹಾರಾಷ್ಟ್ರದಲ್ಲಿ ಕಾರವಾನಿ ಅಥವಾ ಕ್ಯಾರವಾನ್ ಹೌಂಡ್ ಎಂದು ಕರೆಯುವ ನಾಯಿಯೇ ಕರ್ನಾಟಕದ ಮುಧೋಳ ನಾಯಿ. ಬೇಡರ ಜನ ಬೇಟೆಗೆ ಸಾಕಿಕೊಂಡಿದ್ದ ಈ ನಾಯಿಗಳನ್ನು ಮುಧೋಳ ಸಂಸ್ಥಾನದ ರಾಜಾ ಮಾಲೋಜಿರಾವ ಘೋರ್ಪಡೆಯವರು ಆಯ್ದು ತಳಿ ಬೆಳೆಸಿದರು. (ಇಚಲಕರಂಜಿಯ ಜಹಗೀರದಾರರೂ ಘೋರ್ಪಡೆಯವರೇ, ಆದರೆ ಅವರು ಬೇರೆ ಮನೆತನ. ಕಾಪಶಿಯ ಸಂತಾಜಿ ಘೋರ್ಪಡೆಯವರ ಮೇಲಿನ ಕೃತಜ್ಞತೆಯಿಂದ ಆ ಅಡ್ಡಹೆಸರು ಇಟ್ಟುಕೊಂಡವರು.) 2005ರಲ್ಲಿ ಅಂಚೆ ಇಲಾಖೆ ಭಾರತದ ನಾಯಿ ತಳಿಗಳ ಅಂಚೆಚೀಟಿ ತಂದಾಗ ಅದರಲ್ಲಿ ಮುಧೋಳ ನಾಯಿಯೂ ಇತ್ತು. ಬೀದರಿನ ಪಶುವೈದ್ಯ ವಿಶ್ವವಿದ್ಯಾಲಯದ ಅಧೀನದಲ್ಲಿ ಮುಧೋಳದ ಬಳಿಯ ತಿಮ್ಮಾಪುರದಲ್ಲಿ ಇದಕ್ಕಾಗಿಯೇ ಶ್ವಾನ ಸಂಶೋಧನಾ ಕೇಂದ್ರವಿದೆ. 2016ರಲ್ಲಿ ಸೈನ್ಯವೂ ಕೆಲವು ಮರಿಗಳನ್ನು ತರಬೇತಿಗೆಂದು ಮೀರತ್‌ಗೆ ಒಯ್ದಿತು.

ಸುಮಾರು 70 ಸೆಂಟಿಮೀಟರ್ ಎತ್ತರದ ಈ ನಾಯಿಯ ತೂಕ 25 ಕಿಲೊ ಆಸುಪಾಸು. ಓಡುವುದಕ್ಕೇ ಬೆಳೆದ ಮೈ ಅದು. ಕೊನೆಯ ಎರಡು ಮೂರು ಪಕ್ಕೆಲುಬು ಮತ್ತು ಸೊಂಟದ ಎಲುಬಿನ ತುದಿ ಕಣ್ಣಿಗೆ ಕಾಣುವುದು ಇದರಲ್ಲಿ ಸಹಜ. ಹಾಗೆಂದು ಎಲ್ಲ ನಾಯಿಯೂ ಹೀಗೇ ಕಾಣಬೇಕೆಂದಿಲ್ಲ. ಲ್ಯಾಬ್ರಡಾರಿನ ಪಕ್ಕೆಲುಬು ಕಾಣದಿದ್ದರೂ ಕೈಗೆ ಸಿಗಬೇಕು, ಅಷ್ಟೇ.

ದಪ್ಪದಿಂದ ಕಳೆಯುವುದು ಎಷ್ಟು ವರ್ಷ?

ಅಮೆರಿಕದಲ್ಲಿ ಪ್ಯುರಿನಾ ಕಂಪನಿಯ ಸಂಶೋಧಕರು 1987ರಲ್ಲಿ 48 ಲ್ಯಾಬ್ರಡಾರ್ ಮರಿಗಳನ್ನು ಜೋಡಿ ಮಾಡಿ ಒಂದು ಪ್ರಯೋಗ ಆರಂಭಿಸಿದರು. ಪ್ರತಿ ಜೋಡಿಯೂ ಒಂದೇ ಸೂಲಿನ ಮರಿಗಳು. ಒಂದು ಮರಿ ತಿಂದಷ್ಟರಲ್ಲಿ ಕಾಲು ಭಾಗ ಕಡಿಮೆ ಮಾಡಿ ಇನ್ನೊಂದಕ್ಕೆ ಹಾಕಿದರು. ಆಹಾರ ಅದೇ, ಅಳತೆ ಮಾತ್ರ ಬೇರೆ. ಇದನ್ನು ಆ ನಾಯಿಗಳ ಜೀವಮಾನ ಪೂರ್ತಿ ನಡೆಸಿದರು. 2002ರಲ್ಲಿ ಫಲಿತಾಂಶ ಪ್ರಕಟವಾಯಿತು. ಹೆಚ್ಚು ತಿಂದ ಗುಂಪಿನ ಮಧ್ಯಮ ಆಯುಸ್ಸು 11.2 ವರ್ಷ, ಕಡಿಮೆ ತಿಂದ ಗುಂಪಿನದು 13 ವರ್ಷ. ಹತ್ತಿರ ಹತ್ತಿರ ಎರಡು ವರ್ಷದ ಅಂತರ. ಕೀಲುನೋವಿಗೆ ಔಷಧ ಬೇಕಾಗುವ ವಯಸ್ಸೂ ತೆಳ್ಳಗಿನವುಗಳಲ್ಲಿ ಸುಮಾರು ಮೂರು ವರ್ಷ ಮುಂದಕ್ಕೆ ಹೋಯಿತು. ಸೊಂಟದ ಕೀಲಿನ ದೋಷವಂತೂ ಮರಿ ವಯಸ್ಸಿನಿಂದಲೇ ಕಡಿಮೆ ಕಂಡಿತು. ಇಲ್ಲಿ ಗಮನಿಸಬೇಕಾದ ಮಾತೊಂದಿದೆ: ಹೆಚ್ಚು ತಿಂದ ಗುಂಪಿನ ನಾಯಿಗಳು ಉರುಳುವಷ್ಟು ದಪ್ಪವೇನೂ ಆಗಿರಲಿಲ್ಲ. ನಮ್ಮ ಬೀದಿಯಲ್ಲಿ 'ಸ್ವಲ್ಪ ಮೈ ಬಂದಿದೆ' ಎನ್ನುವಷ್ಟೇ ಇದ್ದವು.

2019ರಲ್ಲಿ ಇದಕ್ಕಿಂತ ದೊಡ್ಡ ಲೆಕ್ಕವೊಂದು ಬಂತು. ಉತ್ತರ ಅಮೆರಿಕದ ಪಶು ಆಸ್ಪತ್ರೆಗಳಲ್ಲಿ ದಾಖಲಾದ, 12 ತಳಿಗಳ 50 ಸಾವಿರಕ್ಕೂ ಹೆಚ್ಚು ನಾಯಿಗಳ ವಿವರ ಅದರಲ್ಲಿತ್ತು. ನಡುವಯಸ್ಸಿನಲ್ಲಿ ದಪ್ಪಗಿದ್ದ ನಾಯಿಗಳು ಹನ್ನೆರಡೂ ತಳಿಗಳಲ್ಲಿ ಬೇಗ ತೀರಿಕೊಂಡಿದ್ದವು. ಅಂತರ ಗಂಡು ಜರ್ಮನ್ ಶೆಫರ್ಡ್‌ನಲ್ಲಿ ಸುಮಾರು ಐದು ತಿಂಗಳು, ಪುಟ್ಟ ಯಾರ್ಕ್‌ಶೈರ್ ಟೆರಿಯರ್‌ನಲ್ಲಿ ಎರಡೂವರೆ ವರ್ಷ.

ಆಯುಸ್ಸಿನ ಮಾತು ದೂರದ್ದು ಎನಿಸಿದರೆ ಹತ್ತಿರದ ತೊಂದರೆಗಳಿವೆ. ಮೊಣಕಾಲಿನ ಕಟ್ಟು ಹರಿಯುವುದು, ಮೇದೋಜೀರಕ ಗ್ರಂಥಿಯ ಉರಿಯೂತ, ಸಣ್ಣ ತಳಿಗಳಲ್ಲಿ ಶ್ವಾಸನಾಳ ಕುಸಿಯುವುದು, ಅರಿವಳಿಕೆ ಕೊಡುವಾಗಿನ ಅಪಾಯ, ಇವೆಲ್ಲ ದಪ್ಪ ನಾಯಿಯಲ್ಲಿ ಹೆಚ್ಚು. ಬೇಸಿಗೆಯಲ್ಲಿ ಬಿಸಿಲ ಹೊಡೆತವೂ ಹಾಗೆಯೇ.

ಕೈಯಿಂದ ಮುಟ್ಟಿ ನೋಡುವ ಪರೀಕ್ಷೆ

ಪಶುವೈದ್ಯರು ನಾಯಿಯ ಮೈಗೆ 1ರಿಂದ 9ರವರೆಗೆ ಅಂಕ ಕೊಡುತ್ತಾರೆ. 1 ಎಂದರೆ ಎಲುಬಿನ ಗೂಡು, 9 ಎಂದರೆ ಅತಿ ಬೊಜ್ಜು. 4 ಅಥವಾ 5 ಇದ್ದರೆ ಸರಿ. 5ರ ಮೇಲೆ ಒಂದೊಂದು ಅಂಕ ಏರಿದಂತೆ ಇರಬೇಕಾದ ತೂಕಕ್ಕಿಂತ ಸುಮಾರು ಶೇ. 10ರಿಂದ 15 ಹೆಚ್ಚು ಎಂದು ಲೆಕ್ಕ. ಮನೆಯಲ್ಲೇ ಅಂದಾಜು ಮಾಡಲು ಒಂದು ಸುಲಭ ಉಪಾಯವಿದೆ. ಎಡಗೈ ಮುಷ್ಟಿ ಕಟ್ಟಿ, ಬಲಗೈ ಬೆರಳಿನಿಂದ ಗೆಣ್ಣುಗಳ ಮೇಲೆ ಸವರಿ. ನಾಯಿಯ ಪಕ್ಕೆಲುಬು ಹಾಗೆ ಚುಚ್ಚಿದರೆ ನಾಯಿ ಬಡಕಲಾಗಿದೆ. ಈಗ ಮುಷ್ಟಿ ಬಿಚ್ಚಿ, ಅಂಗೈ ಕೆಳಗೆ ಮಾಡಿ, ಕೈಯ ಹಿಂಬದಿ ಸವರಿ. ತೆಳುವಾದ ಚರ್ಮದಡಿ ಎಲುಬು ಸಿಗುತ್ತದಲ್ಲ, ಪಕ್ಕೆಲುಬು ಹೀಗೆ ಸಿಗಬೇಕು. ಕೈ ತಿರುಗಿಸಿ ಬೆರಳ ಬುಡದ ಅಂಗೈಯನ್ನು ಒತ್ತಿ ನೋಡಿದರೆ ಎಲುಬು ಹುಡುಕಬೇಕಾಗುತ್ತದೆ. ನಾಯಿಯ ಪಕ್ಕೆಯೂ ಹಾಗಿದ್ದರೆ ತೂಕ ಹೆಚ್ಚಾಗಿದೆ ಎಂದೇ ಅರ್ಥ.

ಜತೆಗೆ, ನಾಯಿ ನಿಂತಾಗ ಮೇಲಿನಿಂದ ನೋಡಿದರೆ ಪಕ್ಕೆಲುಬಿನ ಹಿಂದೆ ಸೊಂಟ ಒಳಗೆ ಹೋಗಿರಬೇಕು. ಪಕ್ಕದಿಂದ ನೋಡಿದರೆ ಹೊಟ್ಟೆ ಹಿಂಗಾಲಿನ ಕಡೆ ಮೇಲಕ್ಕೆ ಏರಿರಬೇಕು. ಪೊಮೇರಿಯನ್, ಜರ್ಮನ್ ಶೆಫರ್ಡ್‌ನಂಥ ದಟ್ಟ ಕೂದಲಿನ ನಾಯಿಯಲ್ಲಿ ಕಣ್ಣು ಮೋಸ ಹೋಗುತ್ತದೆ, ಕೈಯನ್ನೇ ನಂಬಬೇಕು.

ತೂಕ ನೋಡುವುದೂ ಕಷ್ಟದ್ದಲ್ಲ. ಸಣ್ಣ ನಾಯಿಯನ್ನು ಎತ್ತಿಕೊಂಡು ಮನೆಯ ತೂಕದ ಯಂತ್ರದ ಮೇಲೆ ನಿಂತು, ಆಮೇಲೆ ನಿಮ್ಮ ತೂಕ ಕಳೆದರಾಯಿತು. ದೊಡ್ಡ ನಾಯಿಗೆ ಗಡಹಿಂಗ್ಲಜದಂಥ ಪೇಟೆಯಲ್ಲಿ ಮೆಣಸಿನಕಾಯಿ, ಬೆಲ್ಲ ತೂಗುವ ಅಡತಿ ಅಂಗಡಿಯ ಕಾಟಾ ಇದ್ದೇ ಇರುತ್ತದೆ. ಅಂಗಡಿಯವರು ಪರಿಚಿತರಾಗಿದ್ದು, ನಾಯಿ ಸುಮ್ಮನೆ ನಿಲ್ಲುವಂಥದ್ದಾಗಿರಬೇಕು ಅಷ್ಟೇ.

ಬೊಜ್ಜು ಬರುವುದು ಯಾವ ತಟ್ಟೆಯಿಂದ

ಈ ಭಾಗದ ಮನೆಗಳಲ್ಲಿ ನಾಯಿಯ ಊಟವೆಂದರೆ ಹಾಲು ಮತ್ತು ರೊಟ್ಟಿ, ಇಲ್ಲವೇ ಹಾಲು ಮತ್ತು ಚಪಾತಿ. ಹಾಲು ಹೆಚ್ಚಾಗಿ ಎಮ್ಮೆಯದು. ಅದರಲ್ಲಿ ಶೇ. 6ರಿಂದ 7ರಷ್ಟು ಕೊಬ್ಬಿದ್ದು, ಅರ್ಧ ಲೀಟರಿಗೆ ಸುಮಾರು 500 ಕ್ಯಾಲೊರಿ ಆಗುತ್ತದೆ. 30 ಕಿಲೊ ತೂಕದ, ಸಂತಾನಹರಣ ಶಸ್ತ್ರಚಿಕಿತ್ಸೆಯಾದ ಲ್ಯಾಬ್ರಡಾರಿಗೆ ಇಡೀ ದಿನಕ್ಕೆ ಬೇಕಾದದ್ದು ಸುಮಾರು 1,400 ಕ್ಯಾಲೊರಿ. ಅಂದರೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಹಾಲಿನಲ್ಲೇ ಮುಗಿಯಿತು. ಅದರ ಮೇಲೆ ಜೋಳದ ರೊಟ್ಟಿ. 100 ಗ್ರಾಂ ಜೋಳದ ಹಿಟ್ಟಿಗೆ ಸುಮಾರು 340 ಕ್ಯಾಲೊರಿ. ಮೂರು ದೊಡ್ಡ ರೊಟ್ಟಿ ಹಾಕಿದರೆ ಲೆಕ್ಕ ಮೀರುತ್ತದೆ. ಇಷ್ಟಾದರೂ ಅದರಲ್ಲಿ ನಾಯಿಗೆ ಬೇಕಾದ ಪ್ರೋಟೀನು ಸಾಲುವುದಿಲ್ಲ. ಹಾಗಾಗಿ ನಾಯಿ ದಪ್ಪಗಾಗುತ್ತದೆ, ಮಾಂಸಖಂಡ ಮಾತ್ರ ಬೆಳೆಯುವುದಿಲ್ಲ. ಬೆಳೆದ ನಾಯಿಗಳಲ್ಲಿ ಹಲವಕ್ಕೆ ಹಾಲು ಜೀರ್ಣವೂ ಆಗುವುದಿಲ್ಲ, ಭೇದಿ ಆಗುತ್ತದೆ.

ಹಾತಕಣಂಗಲೆ, ಶಿರೋಳ, ಗಡಹಿಂಗ್ಲಜ ತಾಲೂಕುಗಳಲ್ಲಿ ಜೈನ ಹಾಗೂ ಲಿಂಗಾಯತ ಮನೆಗಳು ಬಹಳ. ಮಾಂಸ, ಮೊಟ್ಟೆ ಮನೆಯೊಳಗೆ ಬರುವುದಿಲ್ಲ. ಅಂಥ ಮನೆಯಲ್ಲಿ ನಾಯಿ ಸಾಕಬಾರದೆಂದಿಲ್ಲ. ಸೋಯಾ, ಬೇಳೆ, ಪನೀರು ಹೊಂದಿಸಿ ಸಸ್ಯಾಹಾರದಲ್ಲೇ ನಾಯಿಯನ್ನು ಚೆನ್ನಾಗಿ ಇಡಬಹುದು. ಆದರೆ ವಿಟಮಿನ್, ಖನಿಜದ ಪುಡಿ ಸೇರಿದಂತೆ ಎಲ್ಲವನ್ನೂ ವೈದ್ಯರಿಂದ ಬರೆಸಿಕೊಂಡೇ ಮಾಡಬೇಕು. ಉಳಿದ ಅನ್ನ ಸಾರು ಹಾಕಿ ಮುಗಿಸುವುದು ಬೇರೆ, ಇದು ಬೇರೆ.

ಮಾಂಸದ ಮನೆಯಲ್ಲಿ ಭಾನುವಾರದ ತೊಂದರೆ. ತಾಂಬಡಾ ರಸ್ಸಾ, ಪಾಂಢರಾ ರಸ್ಸಾ ಮಾಡಿದ ದಿನ ಕೊಬ್ಬಿನ ತುಂಡು, ಎಲುಬು, ತಳದ ರಸ್ಸಾ ಎಲ್ಲ ನಾಯಿಯ ತಟ್ಟೆಗೆ ಹೋಗುತ್ತದೆ. ರಸ್ಸಾದಲ್ಲಿ ಈರುಳ್ಳಿ, ಬೆಳ್ಳುಳ್ಳಿ ಇರುತ್ತದೆ. ಇವೆರಡೂ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಬೇಯಿಸಿದ ಎಲುಬು ಚೂಪಾಗಿ ಸೀಳಿ ಕರುಳಿಗೆ ಚುಚ್ಚಬಹುದು. ಒಮ್ಮೆಲೇ ಬಿದ್ದ ಕೊಬ್ಬಿನಿಂದ ಸೋಮವಾರ ಬೆಳಿಗ್ಗೆ ವಾಂತಿ, ಹೊಟ್ಟೆನೋವು ಆರಂಭವಾದರೆ ಅದು ಮೇದೋಜೀರಕದ ಉರಿಯೂತ ಇರಬಹುದು, ತಡ ಮಾಡುವಂತಿಲ್ಲ. ನಾಯಿಗೆ ಮಾಂಸ ಕೊಡುವುದಿದ್ದರೆ ಮಸಾಲೆ ಹಾಕುವ ಮೊದಲೇ, ಕೊಬ್ಬು ತೆಗೆದು, ಬರೀ ನೀರಿನಲ್ಲಿ ಬೇಯಿಸಿ ಬೇರೆ ತೆಗೆದಿಡಬೇಕು. ದ್ರಾಕ್ಷಿ, ಒಣದ್ರಾಕ್ಷಿ ಈ ಕಡೆ ಸುಲಭವಾಗಿ ಸಿಗುತ್ತವೆ. ಇವು ನಾಯಿಯ ಮೂತ್ರಪಿಂಡಕ್ಕೆ ವಿಷ, ಒಂದನ್ನೂ ಕೊಡಬಾರದು.

ಇವೆಲ್ಲಕ್ಕಿಂತ ಲೆಕ್ಕಕ್ಕೆ ಸಿಗದೇ ಹೋಗುವುದು ಬಿಸ್ಕತ್ತು. ಅಜ್ಜ ಚಹಾ ಕುಡಿಯುವಾಗ ಒಂದು, ಮಕ್ಕಳು ಶಾಲೆಯಿಂದ ಬಂದಾಗ ಎರಡು, ರಾತ್ರಿ ಟೀವಿ ಮುಂದೆ ಇನ್ನೆರಡು. ಗ್ಲುಕೋಸ್ ಬಿಸ್ಕತ್ತು 100 ಗ್ರಾಂಗೆ ಸುಮಾರು 450 ಕ್ಯಾಲೊರಿ. ಒಂದೊಂದು 5 ಗ್ರಾಂ ಎಂದು ಹಿಡಿದರೂ ಐದಕ್ಕೆ 110 ಕ್ಯಾಲೊರಿ ದಾಟುತ್ತದೆ. 8 ಕಿಲೊ ತೂಕದ ಪಗ್ ನಾಯಿಗೆ ಅದು ದಿನದ ಊಟದ ಹೆಚ್ಚು ಕಡಿಮೆ ಕಾಲು ಭಾಗ. ಮೊಬೈಲ್ ಕಂಪನಿಯೊಂದರ 2003ರ ಜಾಹೀರಾತಿನಿಂದ ಪಗ್ ಮನೆಮನೆಗೆ ಬಂತು. ಚಪ್ಪಟೆ ಮೂಗಿನ ಈ ನಾಯಿ ಮೊದಲೇ ಉಸಿರಿಗೆ ಕಷ್ಟಪಡುತ್ತದೆ. ಅದರ ಕುತ್ತಿಗೆಯ ಸುತ್ತ ಕೊಬ್ಬು ಸೇರಿದರೆ ಇಚಲಕರಂಜಿಯ ಏಪ್ರಿಲ್ ತಿಂಗಳು ಕಳೆಯುವುದೇ ದೊಡ್ಡ ಮಾತು.

ಲ್ಯಾಬ್ರಡಾರಿನ ಹಸಿವು ಸುಳ್ಳಲ್ಲ

'ಎಷ್ಟು ಹಾಕಿದರೂ ಇನ್ನೂ ಕೇಳುತ್ತದೆ' ಎಂಬುದು ಲ್ಯಾಬ್ರಡಾರ್ ಸಾಕಿದವರ ದೂರು. ಅದು ನಾಯಿಯ ನಾಟಕ ಎನ್ನುವ ಹಾಗಿಲ್ಲ. ಕೇಂಬ್ರಿಜ್ ವಿಶ್ವವಿದ್ಯಾಲಯದ ಎಲೀನರ್ ರಾಫನ್ ಮತ್ತು ಸಂಗಡಿಗರು 2016ರಲ್ಲಿ ಈ ತಳಿಯ ಒಂದು ವಂಶವಾಹಿಯಲ್ಲಿ ದೋಷ ಕಂಡುಹಿಡಿದರು. ಸುಮಾರು ನಾಲ್ಕರಲ್ಲಿ ಒಂದು ಲ್ಯಾಬ್ರಡಾರಿನಲ್ಲಿ ಈ ದೋಷವಿದೆ. ಹೊಟ್ಟೆ ತುಂಬಿತೆಂಬ ಸುದ್ದಿ ಅವುಗಳ ಮಿದುಳಿಗೆ ಸರಿಯಾಗಿ ಮುಟ್ಟುವುದಿಲ್ಲ. 2024ರ ಮತ್ತೊಂದು ಅಧ್ಯಯನದಲ್ಲಿ, ಇಂಥ ನಾಯಿಗಳು ಸುಮ್ಮನೆ ಮಲಗಿದ್ದಾಗ ಇತರ ನಾಯಿಗಳಿಗಿಂತ ಕಾಲು ಭಾಗ ಕಡಿಮೆ ಶಕ್ತಿ ಖರ್ಚು ಮಾಡುತ್ತವೆ ಎಂದೂ ತಿಳಿಯಿತು. ಹಸಿವು ಹೆಚ್ಚು, ಖರ್ಚು ಕಡಿಮೆ. ಅಂಥ ನಾಯಿಯ ಮುಖ ನೋಡಿ ಊಟ ಹಾಕತೊಡಗಿದರೆ ಮುಗಿಯುವುದಿಲ್ಲ.

ಶಸ್ತ್ರಚಿಕಿತ್ಸೆಯ ನಂತರವೂ ಬೇಕಾದ ಆಹಾರ ಕಡಿಮೆಯಾಗುತ್ತದೆ, ಕೆಲವು ನಾಯಿಗಳಲ್ಲಿ ಕಾಲು ಭಾಗದಷ್ಟು. ಆಪರೇಶನ್ ಆಯಿತು ಎಂದು ಕರುಣೆಯಿಂದ ಎರಡು ತುತ್ತು ಹೆಚ್ಚು ಹಾಕುವುದು ನಮ್ಮ ಪದ್ಧತಿ. ಅಲ್ಲಿಂದಲೇ ತೂಕ ಏರುತ್ತದೆ.

ಇಳಿಸುವುದು ಹೇಗೆ

ಮೊದಲು ವೈದ್ಯರಿಂದ ತಪಾಸಣೆ. ಥೈರಾಯ್ಡ್ ಕಡಿಮೆಯಾಗಿದ್ದರೆ, ಕುಶಿಂಗ್ ಕಾಯಿಲೆ ಇದ್ದರೆ, ಅಥವಾ ದೀರ್ಘಕಾಲ ಸ್ಟೀರಾಯ್ಡ್ ಕೊಟ್ಟಿದ್ದರೆ ನಾಯಿಯ ಹೊಟ್ಟೆ ದೊಡ್ಡದಾಗುತ್ತದೆ. ಅಲ್ಲಿ ಊಟ ಕಡಿತ ಮಾತ್ರ ಸಾಲದು.

ಕಾಯಿಲೆ ಇಲ್ಲವೆಂದಾದರೆ ಲೆಕ್ಕಕ್ಕೆ ಅಂಗಡಿಯ ಸಾದಾ ಕ್ಯಾಲ್ಕುಲೇಟರ್ ಸಾಕು. ನಾಯಿ 40 ಕಿಲೊ ಇದೆ, ಇರಬೇಕಾದದ್ದು 32 ಎಂದುಕೊಳ್ಳಿ. 32ನ್ನು ಮೂರು ಸಲ ಇಟ್ಟು ಗುಣಿಸಿ: 32 × 32 × 32, ಅಂದರೆ 32,768. ಬಳಿಕ ವರ್ಗಮೂಲದ ಗುಂಡಿಯನ್ನು ಎರಡು ಸಲ ಒತ್ತಿ. 13.45 ಬರುತ್ತದೆ. ಅದನ್ನು 70ರಿಂದ ಗುಣಿಸಿದರೆ ಸುಮಾರು 940. ತೂಕ ಇಳಿಸುವ ಕಾಲದಲ್ಲಿ ಆ ನಾಯಿಗೆ ದಿನಕ್ಕೆ ಇಷ್ಟು ಕ್ಯಾಲೊರಿಯಿಂದ ಆರಂಭಿಸುವುದು ವಾಡಿಕೆ. ಪ್ಯಾಕೆಟ್ಟಿನ ಒಣ ಆಹಾರ 100 ಗ್ರಾಂಗೆ 350 ಕ್ಯಾಲೊರಿಯದ್ದಾದರೆ ದಿನಕ್ಕೆ 270 ಗ್ರಾಂ. ಡಬ್ಬಿಯಲ್ಲಿ ಅಳೆದರೆ ದಿನಕ್ಕೊಂದು ಅಳತೆ ಆಗುತ್ತದೆ, ಅಡುಗೆಮನೆಯ ತಕ್ಕಡಿಯಲ್ಲಿ ತೂಗಿಯೇ ಹಾಕಬೇಕು. ಸಾಧಾರಣ ಆಹಾರವನ್ನೇ ಬಹಳ ಕಡಿತ ಮಾಡಿದರೆ ಪ್ರೋಟೀನು, ವಿಟಮಿನ್ ಕೂಡ ಕಡಿತವಾಗುತ್ತದೆ. ಆದ್ದರಿಂದ ವೈದ್ಯರು ಪ್ರೋಟೀನು, ನಾರು ಹೆಚ್ಚಿರುವ ತೂಕ ಇಳಿಸುವ ಆಹಾರ ಬರೆದುಕೊಡುವುದುಂಟು.

ವಾರಕ್ಕೆ ತೂಕದ ಶೇ. 1ರಿಂದ 2ರಷ್ಟು ಇಳಿದರೆ ಸರಿ. 40 ಕಿಲೊ ನಾಯಿಗೆ ಅದು 400ರಿಂದ 800 ಗ್ರಾಂ. ಎಂಟು ಕಿಲೊ ಇಳಿಯಲು ನಾಲ್ಕರಿಂದ ಆರು ತಿಂಗಳು ಹಿಡಿದರೂ ಬೇಸರಪಡಬೇಕಿಲ್ಲ. ಲಾಭ ಅದಕ್ಕೂ ಮೊದಲೇ ಕಾಣುತ್ತದೆ. ಕೀಲುನೋವಿನ ದಪ್ಪ ನಾಯಿಗಳ ಮೇಲೆ ನಡೆಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶೇ. 6ರಷ್ಟು ತೂಕ ಇಳಿದಾಗಲೇ ಕುಂಟುವುದು ಕಡಿಮೆಯಾಗಿತ್ತು. ಎರಡು ವಾರಕ್ಕೊಮ್ಮೆ ತೂಗಿ, ಇಳಿಯದಿದ್ದರೆ ಊಟ ಇನ್ನೊಂದು ಹತ್ತು ಭಾಗ ಕಡಿಮೆ ಮಾಡಿ. ಉಪವಾಸ ಕೆಡವುವುದು ಬೇಡ. ಮನುಷ್ಯರ ಸ್ಲಿಮ್ಮಿಂಗ್ ಮಾತ್ರೆಯಂತೂ ಸರ್ವಥಾ ಕೂಡದು. ನಾಯಿಗಳಿಗೆಂದೇ 2007ರಲ್ಲಿ ಅಮೆರಿಕದಲ್ಲಿ ಒಂದು ಔಷಧಕ್ಕೆ ಅನುಮತಿ ಸಿಕ್ಕಿತ್ತು, ನಂತರ ಅದು ಮಾರುಕಟ್ಟೆಯಿಂದ ಹೋಯಿತು.

ನಾಯಿ ಕೇಳಿದಾಗ ಏನೂ ಕೊಡದಿರುವುದು ಮನೆಯವರಿಗೆ ಆಗದ ಮಾತು. ಹಾಗಾದರೆ ಬಿಸ್ಕತ್ತಿನ ಬದಲು ಸೌತೆಕಾಯಿ, ಗಜ್ಜರಿ, ಬೇಯಿಸಿದ ಬೀನ್ಸ್ ಅಥವಾ ಕುಂಬಳದ ತುಂಡು ಕೊಡಬಹುದು. ತಿಂಡಿಯೆಲ್ಲ ಸೇರಿ ದಿನದ ಕ್ಯಾಲೊರಿಯಲ್ಲಿ ಹತ್ತರಲ್ಲಿ ಒಂದು ಭಾಗ ಮೀರಬಾರದು. ಬೆಳಿಗ್ಗೆಯೇ ಆ ದಿನದ ತಿಂಡಿಯನ್ನು ಒಂದು ಡಬ್ಬಿಗೆ ಹಾಕಿಟ್ಟು, ಯಾರು ಕೊಟ್ಟರೂ ಅದರಿಂದಲೇ ಕೊಡಬೇಕೆಂದು ಮಾಡಿದರೆ ಜಗಳವಿಲ್ಲ. ಡಬ್ಬಿ ಖಾಲಿಯಾದರೆ ಆ ದಿನಕ್ಕೆ ಮುಗಿಯಿತು. ಇದಕ್ಕೆ ಅಜ್ಜಿಯನ್ನು ಒಪ್ಪಿಸುವುದೇ ಎಲ್ಲಕ್ಕಿಂತ ಕಷ್ಟದ ಕೆಲಸ.

ನಡಿಗೆ, ಬಿಸಿಲು, ಮಳೆ

ನಡಿಗೆಯಿಂದ ಮಾತ್ರ ತೂಕ ಇಳಿಯುವುದಿಲ್ಲ, ಊಟವೇ ಮುಖ್ಯ. ಆದರೆ ಮಾಂಸಖಂಡ ಉಳಿಯಲು ನಡಿಗೆ ಬೇಕು. ದಪ್ಪ ನಾಯಿಯನ್ನು ಮೊದಲ ದಿನವೇ ಓಡಿಸಬಾರದು. ಹತ್ತು ನಿಮಿಷದಿಂದ ಆರಂಭಿಸಿ, ವಾರಕ್ಕೆ ಐದು ನಿಮಿಷದಂತೆ ಏರಿಸುತ್ತ ಹೋಗುವುದು ಒಳ್ಳೆಯದು. ಇಚಲಕರಂಜಿಯಲ್ಲಿ ಮಗ್ಗದ ಶೆಡ್ಡುಗಳ ನಡುವಿನ ಓಣಿ ಇಕ್ಕಟ್ಟು, ಕಾಂಕ್ರೀಟು ಸಂಜೆಯವರೆಗೂ ಕಾದಿರುತ್ತದೆ. ಕೈಯ ಹಿಂಬದಿಯನ್ನು ರಸ್ತೆಗೆ ತಾಗಿಸಿ ಐದಾರು ಸೆಕೆಂಡು ತಡೆಯಲಾಗದಿದ್ದರೆ ನಾಯಿಯ ಪಾದಕ್ಕೂ ಅದು ಸುಡುತ್ತದೆ. ಅಲ್ಲಿ ಬೇಸಿಗೆಯಲ್ಲಿ ಸೂರ್ಯ ಹುಟ್ಟುವ ಮೊದಲಿನ ಹೊತ್ತೇ ಸರಿ.

ಕೊಲ್ಹಾಪುರದ್ದು ಬೇರೆ ಕಥೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಹಿಡಿದರೆ ನಾಯಿ ಹೊರಗೆ ಹೋಗುವುದು ಕಾಲೆತ್ತುವುದಕ್ಕೆ ಮಾತ್ರ. ಊಟ ಮಾತ್ರ ಅಷ್ಟೇ ಇರುತ್ತದೆ. ಗಣೇಶ ಹಬ್ಬದ ಹೊತ್ತಿಗೆ ಎರಡು ಕಿಲೊ ಏರಿರುತ್ತದೆ, ಆಮೇಲೆ ಮೋದಕ ಬೇರೆ. ಮಳೆಗಾಲದಲ್ಲಿ ಊಟವನ್ನು ಸ್ವಲ್ಪ ಇಳಿಸಿ, ಜಿನೆಯಲ್ಲಿ ಹತ್ತಿಸಿ ಇಳಿಸದೆ, ಒಣ ಆಹಾರವನ್ನು ಕೋಣೆಯ ಮೂಲೆಮೂಲೆಯಲ್ಲಿ ಅಡಗಿಸಿಟ್ಟು ಹುಡುಕಿಸುವುದು ಕೀಲಿಗೂ ಹಿತ, ನಾಯಿಗೂ ಖುಷಿ.

ಗಡಹಿಂಗ್ಲಜದ ಸುತ್ತ, ಹಿರಣ್ಯಕೇಶಿ ದಂಡೆಯ ಕಬ್ಬಿನ ಹೊಲಗಳ ನಾಯಿಗೆ ಇಂಥ ತೊಂದರೆ ಕಡಿಮೆ. ಅದು ದಿನವಿಡೀ ತಿರುಗುತ್ತದೆ. ಆದರೆ ಅಲ್ಲಿ ಇನ್ನೊಂದು ತಪ್ಪು ನಡೆಯುತ್ತದೆ. ಜಂತುಹುಳದಿಂದಲೋ, ಉಣ್ಣೆಯಿಂದ ಬರುವ ಜ್ವರದಿಂದಲೋ ಸೊರಗಿದ ನಾಯಿಯನ್ನು 'ಹೊಲದ ನಾಯಿ ಹೀಗೇ ಇರುತ್ತದೆ' ಎಂದು ಬಿಟ್ಟುಬಿಡುತ್ತಾರೆ. ತೆಳ್ಳಗಿನ ನಾಯಿಯ ತೊಡೆ, ಭುಜ ಗಟ್ಟಿಯಾಗಿರುತ್ತದೆ, ಕೂದಲು ಹೊಳೆಯುತ್ತದೆ, ಅದು ಓಡಿ ಬರುತ್ತದೆ. ಸೊರಗಿದ ನಾಯಿಯ ಬೆನ್ನೆಲುಬು ಮುಳ್ಳಿನಂತೆ ಎದ್ದಿರುತ್ತದೆ, ತೊಡೆ ಬತ್ತಿರುತ್ತದೆ, ಒಸಡು ಬಿಳುಚಿರುತ್ತದೆ. ಊಟ ಕಡಿಮೆ ಮಾಡದೆಯೇ ತೂಕ ಇಳಿಯುತ್ತಿದ್ದರೆ, ಅದು ಕಾರವಾನಿ ನಾಯಿಯೇ ಆಗಿರಲಿ, ಸಮೀಪದ ಪಶು ದವಾಖಾನೆಗೆ ಒಯ್ದು ರಕ್ತ ಮತ್ತು ಮಲ ಪರೀಕ್ಷೆ ಮಾಡಿಸಬೇಕು.